ಟೇಪಿನ ಮೇಲಿನ ಅರ್ಧಚಂದ್ರ

ಪೆಸಿಫಿಕ್ ಕಡಲ ತೀರದಿಂದ
9 ಆಗಸ್ಟ್ 1997

ಪ್ರೀತಿಯ ಮಿಲ್ಲಿ,

ಕಡಲಿಗೆ ಮುಖ ಮಾಡಿದ ಕೋಣೆ, ಕೈಯಲ್ಲಿ ತಣ್ಣನೆಯ ನಿಂಬೆ ಪಾನಕ, ಕಾಲಲ್ಲಿ ಹೊಸ ಬೂಟು. ನೀನು ಅಲ್ಲಿ ನೆಬ್ರಾಸ್ಕಾದ ಸೆಕೆಯಲ್ಲಿ ಬೆವರು ಸುರಿಸುತ್ತ ಸಾಮಾನಿನ ಕೋಣೆ ಗುಡಿಸುತ್ತಿರುತ್ತೀಯ ಎಂದು ನೆನೆದರೆ ನನಗೆ ಒಂದಿಷ್ಟೂ ಬೇಸರವಾಗುತ್ತಿಲ್ಲ.

ರೆಕ್ಸ್‌ಮಾರ್ ಕಂಪನಿಯವರು ಊರೂರಿನ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳನ್ನು ಇಲ್ಲಿಗೆ ಕರೆಸಿ ಬೀಗರನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಸ್ನಾನದ ಸೋಪಿನ ಮೇಲೂ ಅವರ ಕವಲುಬಾಣದ ಗುರುತು ಇದೆ. ನಿನ್ನೆ ಊಟದ ಹೊತ್ತಿಗೆ ಕಂಪನಿಯ ಕ್ರೇಗ್ ಎಂಬ ಹುಡುಗ ನನ್ನ ಪಕ್ಕ ಬಂದು ಕೂತು, "ನಿಮ್ಮ ಹುಡುಗೀರಿಗೆ ಏನೇನು ಬೇಕು ಹೇಳಿ ಕೋಚ್," ಅಂದ. ಮಿಲ್ಲಿ, ಪ್ಲೇನ್ಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಷ್ಟು ವರ್ಷ ದುಡಿದಿದ್ದೇನೆ, ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಾಯಲ್ಲಿದ್ದ ತುತ್ತು ನುಂಗುವುದನ್ನೇ ಮರೆತೆ. ಅವನು ಮೀನಿನ ಮುಳ್ಳು ಸಿಕ್ಕಿಕೊಂಡಿತೆಂದು ನೀರು ತರಿಸಿದ.

ಮಾತು ಮುಗಿದಿದೆ. ಆರು ವರ್ಷ, ಎಲ್ಲ ತಂಡಗಳಿಗೂ ಒಂದೇ ಕಂಪನಿ, ಒಟ್ಟು ಒಂಬತ್ತು ಮಿಲಿಯನ್ ಡಾಲರ್. ಗಂಡು ಹುಡುಗರಿಗೆ ಬೂಟು ಬಂದ ದಿನವೇ ನಮ್ಮವರಿಗೂ ಬರಬೇಕು, ಅದೇ ಬೂಟು ಬರಬೇಕು ಎಂದು ಕರಾರಿನಲ್ಲೇ ಬರೆಸಿದ್ದೇನೆ. ನನಗೆ ಅಂತ ಬೇರೆ ಒಂದು ಸಣ್ಣ ಕರಾರೂ ಇದೆ. ನಾನು ಹೇಳಿದೆ ಎಂದು ಸ್ಟ್ರೂಬ್‌ಗೆ ಹೇಳಬೇಡ. ಕ್ರೀಡಾ ನಿರ್ದೇಶಕನಿಗೆ ತಾನೇ ಮೊದಲು ಸುದ್ದಿ ಹೇಳಬೇಕೆಂಬ ಆಸೆ ಇರುತ್ತದೆ.

ಒಂದು ತೊಡಕು. ಕಂಪನಿಯ ಗುರುತು ಎಲ್ಲೂ ಮುಚ್ಚಬಾರದಂತೆ. ಕಾಲು ಉಳುಕಬಾರದೆಂದು ನೀನು ಹುಡುಗಿಯರ ಬೂಟಿನ ಮೇಲಿಂದಲೇ ಟೇಪು ಸುತ್ತುತ್ತೀಯಲ್ಲ, ಅದಕ್ಕೆ ಟೇಪಿನ ಮೇಲೆ ಅಂಟಿಸಲು ಕವಲುಬಾಣದ ಚೀಟಿಗಳನ್ನು ಕಳಿಸುತ್ತಾರೆ. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ.

ಬಿಸಿಲಿಗೆ ಮೂಗು ಸುಟ್ಟುಕೊಂಡಿರುವ
ಮೇವಿಸ್


ಕಾಟನ್‌ವುಡ್ ಫೋರ್ಕ್, ನೆಬ್ರಾಸ್ಕಾ
20 ಆಗಸ್ಟ್ 1997

ಮೇವಿಸ್,

ನೀನು ಕೊಲರಾಡೋದಲ್ಲಿ ಅಣ್ಣನ ಮನೆಗೂ ಹೋಗಿ ಬರುತ್ತೀಯ ಎಂದು ತಿಳಿದು ಅಲ್ಲಿಗೇ ಬರೆಯುತ್ತಿದ್ದೇನೆ.

ನಿನ್ನ ಒಂಬತ್ತು ಮಿಲಿಯನ್ ಊರ ಪೇಪರಿನ ಮೊದಲ ಪುಟದಲ್ಲಿ ಬಂತು. ನನ್ನ ಗಂಡ ಮಹಾಶಯ ಲ್ಯಾಡಿ ಕನ್ನಡಕ ಏರಿಸಿ ಎರಡು ಸಲ ಓದಿದ. "ಅಂಗಿ ಚಡ್ಡಿಗೆಲ್ಲ ಅಂಗಡಿ ರೇಟು ಹಾಕಿ ಲೆಕ್ಕ ತೋರ್ಸಿದಾರೆ ಕಣೇ. ನಗದು ಅಂತ ಕಾಲೇಜಿಗೆ ಎಷ್ಟು ಬರುತ್ತೆ ಅನ್ನೋದನ್ನ ಮಾತ್ರ ಎಲ್ಲೂ ಬರೆದಿಲ್ಲ," ಅಂದ. ಹೃದಯ ಕೆಟ್ಟಿದೆ, ಬಾಯಿ ಕೆಟ್ಟಿಲ್ಲ.

ಹಳೆಯ ಹಾಲ್ಬಿ ಕಂಪನಿಯ ಸಾಮಾನನ್ನೆಲ್ಲ ಲಾರಿಗೆ ತುಂಬಿ ಕಳಿಸಿಯಾಯಿತು. ನೀರಿನ ಡಬ್ಬಗಳ ಮೇಲಿದ್ದ ಅರ್ಧಚಂದ್ರದ ಗುರುತಿಗೆ ಕಪ್ಪು ಬಣ್ಣ ಬಳಿಯಬೇಕಾಯಿತು. ಕ್ರೇಗ್ ಬಂದಿದ್ದ. ನಾನು ಹಾಕಿಕೊಂಡಿದ್ದ ಕಾಲುಚೀಲವನ್ನೂ ಬಗ್ಗಿ ನೋಡಿದ. ಅತ್ತೆ ಹೆಣೆದುಕೊಟ್ಟದ್ದು ಎಂದು ಹೇಳಿದ ಮೇಲೆ ಬಿಟ್ಟ.

ಇನ್ನು ಆ ಚೀಟಿಗಳ ಕಥೆ. ಬೆವರು ತಾಗಿದರೆ ಅವು ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ಲ್ಯಾಡಿಯ ಕಾಲಿಗೆ ಟೇಪು ಸುತ್ತಿ, ಚೀಟಿ ಅಂಟಿಸಿ, ಬಿಸಿ ನೀರು ಚಿಮುಕಿಸಿ ನೋಡಿದೆ. ಉದುರಿ ನೆಲಕ್ಕೆ ಬಿತ್ತು. "ಅಷ್ಟು ದುಡ್ಡು ಕೊಟ್ಟೋರಿಗೆ ಒಂದು ಒಳ್ಳೆ ಗೋಂದು ಸಿಗ್ಲಿಲ್ವಂತಾ?" ಅಂದ ಲ್ಯಾಡಿ. ಕ್ರೇಗ್‌ಗೆ ಫೋನ್ ಮಾಡಿದೆ. ಹಾಗಾದರೆ ಮಾರ್ಕರ್ ಪೆನ್ನಿನಲ್ಲಿ ಕೈಯಿಂದಲೇ ಗುರುತು ಬರೆಯಿರಿ ಅಂದ. ಅಲ್ಲಿಗೆ ಹಾಲ್ಬಿ ಕಾಲದಲ್ಲಿ ಮಾಡುತ್ತಿದ್ದುದಕ್ಕೇ ಮರಳಿದೆವು.

ಬರೆಯುವವಳು ನೀನೇ ತಾನೆ. ಪಂದ್ಯಕ್ಕೆ ಇಳಿಯುವ ಮುಂಚೆ ಕೋಚ್ ತನ್ನ ಕೈಯಾರೆ ಟೇಪಿನ ಮೇಲೆ ಗುರುತು ಹಾಕಿ ಕಾಲಿಗೊಂದು ತಟ್ಟದಿದ್ದರೆ ನಮ್ಮ ಹುಡುಗಿಯರು ಅಂಗಳಕ್ಕೇ ಇಳಿಯುವುದಿಲ್ಲ. ಆದರೆ ನಿನ್ನ ಕೈಗೆ ಅರ್ಧಚಂದ್ರ ಬಿಟ್ಟು ಬೇರೆ ಏನೂ ಬರುವುದಿಲ್ಲ. ಅಲ್ಲೇ ಕೂತು ಕವಲುಬಾಣ ತಿದ್ದು, ಒಂದನೇ ಕ್ಲಾಸಿನ ಮಗುವಿನ ಹಾಗೆ.

ಬರುವಾಗ ಅಣ್ಣನ ತೋಟದ ಪೀಚ್ ಹಣ್ಣು ತಾ. ಈ ಸಲ ಅದನ್ನೇ ಹೂರಣವಾಗಿ ಇಟ್ಟು ಕೊಲಾಚಿ ಬನ್ನು ಬೇಯಿಸುತ್ತೇನೆ.

ನಿನ್ನ
ಮಿಲ್ಲಿ


ಕಾಟನ್‌ವುಡ್ ಫೋರ್ಕ್
24 ನವೆಂಬರ್ 1997

ಮೇವಿಸ್,

ನಾನು ಕ್ರೀಡಾಂಗಣಕ್ಕೆ ಕಾಲಿಡಬಾರದು, ತಂಡದ ಯಾರಿಗೂ ಫೋನ್ ಮಾಡಬಾರದು ಎಂದು ಸ್ಟ್ರೂಬ್ ಹೇಳಿದ್ದಾನೆ. ಪತ್ರ ಬರೆಯಬಾರದು ಎನ್ನಲು ಮರೆತಿದ್ದಾನೆ. ಅದಕ್ಕೇ ನಿನ್ನ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಮೊದಲು ಇದನ್ನು ಓದು, ಆಮೇಲೆ ಉಸಿರು ಬಿಡು. ಬರೆದದ್ದು ನೀನು ಎಂದು ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಅವತ್ತಿನ ಗಡಿಬಿಡಿಯಲ್ಲಿ ಯಾರಾದರೂ ಹಾಗೇ ಮಾಡುತ್ತಿದ್ದರು. ಟೀವಿಯಲ್ಲಿ ನಮ್ಮ ಮೊದಲ ಪಂದ್ಯ, ಲಟ್ರೀಸ್ ಕಾಲು ಉಳುಕಿಸಿಕೊಂಡು ನೆಲಕ್ಕೆ ಬಿದ್ದಿದ್ದಾಳೆ, ನನ್ನ ಎರಡು ಕೈಯೂ ಟೇಪಿನಲ್ಲಿ ಸಿಕ್ಕಿಕೊಂಡಿವೆ. ನೀನು ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು ಗುರುತು ಬರೆದು, ಕಾಲು ತಟ್ಟಿ, "ಏಳೇ ಹುಡುಗಿ, ಓಡು," ಅಂದೆ. ಅವಳು ಓಡಿದಳು. ನೀನು ಬರೆದದ್ದು ಹಾಲ್ಬಿಯ ಅರ್ಧಚಂದ್ರ ಎಂದು ನಾನು ನೋಡುವ ಹೊತ್ತಿಗೆ ಕ್ಯಾಮೆರಾ ಅವಳ ಕಾಲಿಗೇ ಅಂಟಿಕೊಂಡಿತ್ತು. ಉಳುಕಿದ ಕಾಲಲ್ಲಿ ಆಡಿ ಗೆಲ್ಲಿಸುತ್ತಿದ್ದಾಳಲ್ಲ, ಊರಿಗೆಲ್ಲ ಅದನ್ನೇ ತೋರಿಸಿದರು. ಮೂರನೇ ಸಾಲಿನಲ್ಲಿದ್ದ ಕ್ರೇಗ್‌ನ ಮುಖ ನೋಡಿದೆಯಾ? ಹಾಲು ಕುದಿದು ಉಕ್ಕುವಾಗ ನೋಡುತ್ತಾರಲ್ಲ, ಹಾಗಿತ್ತು.

ಮಾರನೆಯ ದಿನ ಸ್ಟ್ರೂಬ್ ಎಲ್ಲರನ್ನೂ ನಿಲ್ಲಿಸಿ, "ಯಾರು ಬರೆದದ್ದು?" ಅಂದಾಗ ನೀನು ನೆಲ ನೋಡುತ್ತಿದ್ದೆ. ಈ ಮಾರ್ಚಿಗೆ ನಿನ್ನ ಕೆಲಸದ ಕರಾರು ಮುಗಿಯುತ್ತದೆ, ಅದು ನನಗೆ ಗೊತ್ತಿತ್ತು. "ಗಡಿಬಿಡಿಯಲ್ಲಿ ನಾನೇ ಬರೆದೆ, ಹಳೇ ಗುರುತು, ಕೈತಪ್ಪಾಯ್ತು," ಎಂದು ನಾನು ಹೇಳಿದೆ. ಟೇಪು ಸುತ್ತುವವಳಿಂದ ತಪ್ಪಾದರೆ ಬೈದು ಬಿಡುತ್ತಾರೆ. ಕೋಚ್ ಮಾಡಿದರೆ ಬಿಡುವುದಿಲ್ಲ. ಅಷ್ಟೇ ನನ್ನ ಲೆಕ್ಕ. ಒಂದೆರಡು ವಾರ ಮನೆಯಲ್ಲಿ ಕೂತು ಲ್ಯಾಡಿಯ ತಲೆ ತಿನ್ನುತ್ತೇನೆ.

ಲಟ್ರೀಸ್‌ಗೆ ದಿನಕ್ಕೆ ಎರಡು ಸಲ ಐಸ್ ಇಡಲು ಹೇಳು. ಇಡುತ್ತೇನೆ ಅನ್ನುತ್ತಾಳೆ, ಇಡುವುದಿಲ್ಲ.

ಮಿಲ್ಲಿ


29 ನವೆಂಬರ್ 1997

ಮಿಲ್ಲಿ,

ಏನು ಬರೆಯಲಿ. ಮೂರು ಹಾಳೆ ಹರಿದು ಹಾಕಿದೆ. ನೀನು ಮಾಡಿದ್ದನ್ನು ಒಡಹುಟ್ಟಿದವರೂ ಮಾಡುವುದಿಲ್ಲ. ನಾನೇ ಬಾಯಿ ಬಿಡಬೇಕು ಅಂದುಕೊಂಡೆ, ಅಷ್ಟರಲ್ಲಿ ನೀನು ಹೇಳಿಬಿಟ್ಟಿದ್ದೆ. ಆಮೇಲೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ.

ಸ್ಟ್ರೂಬ್ ಹತ್ತಿರ ಮಾತಾಡಿದ್ದೇನೆ. ಕ್ರಿಸ್‌ಮಸ್ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ ಅಂದಿದ್ದಾನೆ. ಲಟ್ರೀಸ್ ಐಸ್ ಇಡುತ್ತಿದ್ದಾಳೆ, ನಾನು ಎದುರಿಗೇ ನಿಂತು ಇಡಿಸುತ್ತೇನೆ.

ನಿನ್ನ ಋಣ ಹೊತ್ತಿರುವ
ಮೇವಿಸ್


ಕಾಟನ್‌ವುಡ್ ಫೋರ್ಕ್
12 ಜನವರಿ 1998

ಮೇವಿಸ್,

ಇವತ್ತು ವಿಶ್ವವಿದ್ಯಾಲಯದಿಂದ ಲಕೋಟೆ ಬಂತು. ಕೆಲಸದಿಂದ ತೆಗೆದಿದ್ದಾರೆ. ಅದರ ಜೊತೆಗೆ ನೀನು ಸಹಿ ಹಾಕಿಕೊಟ್ಟ ಹೇಳಿಕೆಯ ಪ್ರತಿಯನ್ನೂ ಇಟ್ಟಿದ್ದಾರೆ. ನನ್ನ ಕೈಗೂ ಒಂದು ಪ್ರತಿ ಬರುತ್ತದೆ ಎಂದು ಅವರು ನಿನಗೆ ಹೇಳಿರಲಿಕ್ಕಿಲ್ಲ.

ಕೈತಪ್ಪಲ್ಲ, ಈಕೆ ಬೇಕೆಂದೇ ಬರೆದದ್ದು ಎಂದು ಹೇಳಿದ್ದೀಯ. ನಿನ್ನ ತಪ್ಪನ್ನು ನನ್ನದು ಎಂದು ನಾನೇ ಎತ್ತಿಕೊಂಡೆ. ನೀನು ಅದನ್ನು ನನ್ನ ಕೈಯಿಂದ ತಗೊಂಡು, ಚೂಪು ಮಾಡಿ, ನನಗೇ ತಿವಿದೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಕೆಳಗೆ ಇನ್ನೊಂದು ಮಾತಿದೆ. ನಿನಗೆ ಮರೆತಿದ್ದರೆ ನಾನೇ ಬರೆದು ಕಳಿಸುತ್ತೇನೆ. "ಕಾಲೇಜಿನ ದಿನಗಳಿಂದಲೂ ಈಕೆಗೆ ನನ್ನ ಮೇಲೆ ಹೊಟ್ಟೆಕಿಚ್ಚು. ನನಗೆ ಸಿಕ್ಕ ಕೋಚ್ ಕೆಲಸಕ್ಕೆ ಈಕೆಯೂ ಅರ್ಜಿ ಹಾಕಿದ್ದಳು. ನನ್ನ ಏಳಿಗೆಯನ್ನು ಸಹಿಸದೆ ಹೀಗೆ ಮಾಡಿದ್ದಾಳೆ."

ಹೌದು, ಅರ್ಜಿ ಹಾಕಿದ್ದೆ. ಹಾಕಿ ವಾಪಸು ತಗೊಂಡೆ. ಯಾಕೆ ತಗೊಂಡೆ ಎಂದು ಗೊತ್ತಿರುವವರು ಈ ಭೂಮಿಯ ಮೇಲೆ ಇಬ್ಬರೇ. ನಿಮ್ಮಪ್ಪ ಹೊಲ ಕಳೆದುಕೊಂಡು ನೀನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದ ವರ್ಷ ಅದು. ನಿನಗೆ ಸಂಬಳ ಬೇಕಿತ್ತು. ನಾನು ಟೇಪು ಹಿಡಿದು ನಿನ್ನ ಪಕ್ಕ ನಿಂತೆ. ಅಲ್ಲೇ ಸುಖವಾಗಿದ್ದೆ, ಮೇವಿಸ್.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡು. ಈ ಹೊಟ್ಟೆಕಿಚ್ಚಿನ ಮಾತು ವಿಶ್ವವಿದ್ಯಾಲಯದ ವಕೀಲರು ನಿನ್ನ ಕೈಲಿ ಬರೆಸಿದ್ದೋ, ನಿನ್ನದೋ?

ಮಿಲ್ಲಿ


20 ಜನವರಿ 1998

ಮಿಲ್ಲಿ,

ನಿನ್ನ ಕೋಪ ನ್ಯಾಯವಾದದ್ದು. ಆದರೆ ನನ್ನ ಮಾತನ್ನೂ ಸ್ವಲ್ಪ ಕೇಳು.

ಕರಾರಿನಲ್ಲಿ ಒಂದು ಕಲಮು ಇದೆ. ಕೈತಪ್ಪಿ ಆಗಿದ್ದರೆ ಅದು ವಿಶ್ವವಿದ್ಯಾಲಯದ ಅಜಾಗರೂಕತೆ, ಅಂದರೆ ಕರಾರು ಮುರಿದಂತೆ. ಯಾರೋ ಒಬ್ಬರು ಬೇಕೆಂದೇ ಮಾಡಿದ್ದರೆ, ಅವರನ್ನು ತೆಗೆದುಹಾಕಿದರೆ ಸಾಕು, ಕಂಪನಿ ಮುಂದುವರಿಯುತ್ತದೆ. ಸ್ಟ್ರೂಬ್ ಬಾಗಿಲು ಹಾಕಿಕೊಂಡು ನನಗೆ ಹೇಳಿದ: "ಕರಾರು ಹೋದ್ರೆ ಗಂಡು ಹುಡುಗರಿಗೆ ನಾಳೆ ಇನ್ನೊಂದು ಕಂಪನಿ ಸಿಗುತ್ತೆ ಮೇವಿಸ್. ನಿನ್ನ ಹುಡುಗೀರಿಗೆ ಯಾರು ಸಿಗ್ತಾರೆ ನೋಡ್ಕೋ."

ನಾವು ಆಡುತ್ತಿದ್ದ ಕಾಲ ನೆನಪಿದೆಯಾ? ಅಂಗಿಗೆ ನಂಬರು ಹೊಲಿಸಲು ಕಾಲೇಜು ದುಡ್ಡು ಕೊಡಲಿಲ್ಲ. ಪಂದ್ಯದ ದಿನ ನೀನು ನನ್ನ ಬೆನ್ನಿಗೆ ಟೇಪಿನಲ್ಲೇ ನಂಬರು ಅಂಟಿಸುತ್ತಿದ್ದೆ, ನಾನು ನಿನಗೆ ಅಂಟಿಸುತ್ತಿದ್ದೆ. ಅರ್ಧ ಪಂದ್ಯಕ್ಕೆ ನನ್ನ ಎಂಟು ಉದುರಿ ಮೂರಾಗಿ, ನನ್ನ ತಪ್ಪೆಲ್ಲ ಮೂರನೇ ನಂಬರಿನ ಬಡಪಾಯಿ ಡೋರಾ ಲೆಕ್ಕಕ್ಕೆ ಹೋಯಿತು. ಈಗ ನಮ್ಮ ಹದಿಮೂರು ಹುಡುಗಿಯರು ಮೊದಲ ಸಲ ಗಂಡಸರ ತಂಡದಷ್ಟೇ ಒಳ್ಳೆಯ ಬೂಟು ಹಾಕಿಕೊಂಡಿದ್ದಾರೆ. ಅದನ್ನು ಅವರ ಕಾಲಿಂದ ಕಳಚಬೇಕಿತ್ತಾ? ಒಬ್ಬಳು ಹೋದರೆ ಹದಿಮೂರು ಮಂದಿ ಉಳಿಯುತ್ತಾರೆ. ನಿನ್ನನ್ನು ಕೇಳಿದ್ದರೆ ನೀನೂ ಹೂಂ ಅನ್ನುತ್ತಿದ್ದೆ, ಅದು ನನಗೆ ಗೊತ್ತು.

ನಿನಗೆ ಬೇರೆ ಕೆಲಸಕ್ಕೆ ಎಲ್ಲೆಲ್ಲಿ ಹೇಳಬೇಕೋ ಹೇಳುತ್ತೇನೆ. ನಿನ್ನ ಜಾಗಕ್ಕೆ ಬಂದ ಹುಡುಗ ಟೇಪು ಸುತ್ತಿದರೆ ಹುಡುಗಿಯರ ಕಾಲು ನೀಲಿಯಾಗುತ್ತದೆ. ಎಲ್ಲರೂ ನಿನ್ನನ್ನು ಕೇಳುತ್ತಾರೆ.

ಮೇವಿಸ್


ಕಾಟನ್‌ವುಡ್ ಫೋರ್ಕ್
2 ಫೆಬ್ರವರಿ 1998

ಮೇವಿಸ್,

ನಾಲ್ಕು ಪುಟ ಬರೆದಿದ್ದೀಯ. ನಾನು ಕೇಳಿದ ಪ್ರಶ್ನೆಗೆ ಅದರಲ್ಲಿ ಒಂದು ಅಕ್ಷರವೂ ಉತ್ತರವಿಲ್ಲ.

ಕೇಳಿದ್ದರೆ ಹೂಂ ಅನ್ನುತ್ತಿದ್ದೆನೇನೋ, ಇರಬಹುದು. ಆದರೆ ನೀನು ಕೇಳಲಿಲ್ಲವಲ್ಲ. ಕೆಲಸ ಬಿಟ್ಟು ಹೋಗು ಎಂದು ನೀನು ನಮ್ಮ ಅಡುಗೆಮನೆಗೆ ಬಂದು ಹೇಳಿದ್ದರೆ ನಾನೇ ಕಾಗದ ಬರೆದುಕೊಟ್ಟು, ನಿನಗೆ ಕಾಫಿ ಮಾಡಿಕೊಡುತ್ತಿದ್ದೆ.

ಶನಿವಾರ ಲಟ್ರೀಸ್ ಬಂದಿದ್ದಳು. ಬರಬಾರದೆಂದು ಅವಳಿಗೂ ಹೇಳಿದ್ದಾರಂತೆ, ಹಿಂದಿನ ಬಾಗಿಲಿಂದ ಬಂದಳು. ಕಾಲು ತೋರಿಸುವ ನೆಪ. ಟೇಪು ಸುತ್ತಿಸಿಕೊಳ್ಳುತ್ತ ತಲೆ ತಗ್ಗಿಸಿಕೊಂಡು ಕೂತಿದ್ದಳು. ಆಮೇಲೆ ತಾನಾಗಿ ಶುರು ಮಾಡಿದಳು.

"ಮಿಸೆಸ್ ಕುಚೆರಾ, ಕೋಚ್ ನನ್ನನ್ನ ಕರೆದು, ಅವತ್ತು ಯಾರು ಬರೆದರು ಅಂತ ನೋಡಿದ್ಯಾ ಅಂತ ಕೇಳಿದ್ರು. ಅವರೇ ಬರೆದದ್ದಲ್ವಾ, ಅವರೇ ಕೇಳ್ತಿದಾರೆ. ನಂಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ."

"ಏನು ಹೇಳ್ದೆ ಮತ್ತೆ?"

"ನೋವಿಗೆ ಕಣ್ಣು ಮುಚ್ಕೊಂಡಿದ್ದೆ, ನೋಡ್ಲಿಲ್ಲ ಅಂದೆ. ಕೋಚ್, ಒಳ್ಳೆ ಹುಡುಗಿ ಅಂದ್ರು. ಮುಂದಿನ ಪಂದ್ಯದಲ್ಲಿ ಮೊದಲಿಂದ ಕೊನೇವರೆಗೂ ಆಡ್ಸಿದ್ರು. ನಂಗೆ ಬೇಡ ಅನ್ನಿಸ್ತು, ಆದ್ರೂ ಆಡ್ದೆ." ಅಷ್ಟು ಹೇಳಿ ಅಳಲು ಶುರು ಮಾಡಿದಳು. ಉಳುಕಿದ ಕಾಲಲ್ಲಿ ಆಡುವಾಗ ಅವಳು ಅತ್ತಿರಲಿಲ್ಲ.

ಬಿಡು ಮಗಳೇ, ನೀನು ಓದು ಮುಗಿಸು, ಇದೆಲ್ಲ ನಿನಗೆ ಬೇಡ ಎಂದು ಹೇಳಿ ಕಳಿಸಿದೆ. ಹದಿಮೂರು ಹುಡುಗಿಯರಿಗಾಗಿ ಮಾಡಿದೆ ಅನ್ನುತ್ತೀಯ. ಅವರಲ್ಲಿ ಒಬ್ಬಳಿಗೆ ಸುಳ್ಳು ಹೇಳಲು ಕಲಿಸಿ, ಸುಳ್ಳಿಗೆ ಬಹುಮಾನವನ್ನೂ ಕೊಟ್ಟೆ. ಅದಕ್ಕೆ ನಿನ್ನನ್ನು ಕ್ಷಮಿಸುವುದು ನನ್ನಿಂದ ಆಗದು.

ಈಗ ವಕೀಲರು ಇನ್ನೊಂದು ಕಾಗದ ಕಳಿಸಿದ್ದಾರೆ. ಬೇಕೆಂದೇ ಮಾಡಿದೆ, ತಪ್ಪಾಯಿತು, ರೆಕ್ಸ್‌ಮಾರ್ ಬಗ್ಗೆ ಎಲ್ಲೂ ಕೆಟ್ಟ ಮಾತು ಆಡುವುದಿಲ್ಲ ಎಂದು ನಾನೂ ಸಹಿ ಹಾಕಿದರೆ ನನ್ನ ಕೆಲಸದ ಮೇಲೆ ಲ್ಯಾಡಿಗೆ ಸಿಗುತ್ತಿದ್ದ ಆಸ್ಪತ್ರೆ ವಿಮೆ ಎರಡು ವರ್ಷ ಮುಂದುವರಿಯುತ್ತದೆ. ಹಾಕದಿದ್ದರೆ ಈ ತಿಂಗಳ ಕೊನೆಗೆ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಅವನ ಎದೆ ಕೊಯ್ಯಬೇಕು ಎಂದು ಡಾಕ್ಟರು ದಿನ ಗೊತ್ತುಮಾಡಿದ್ದಾರೆ. ಅದೂ ನಿನಗೆ ಗೊತ್ತಿದ್ದದ್ದೇ.

ನನ್ನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಿದ್ದೇನೆ. ಆ ಮಾತು ಯಾರದು?

ಮಿಲ್ಲಿ


10 ಫೆಬ್ರವರಿ 1998

ಮಿಲ್ಲಿ,

ಪಂದ್ಯಕ್ಕೆ ಹೊರಟ ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಸಹಿ ಹಾಕು. ಲ್ಯಾಡಿಯ ಮುಖ ನೋಡಿ ಹಾಕು. ವಿಮೆಯನ್ನು ಮುಂದುವರಿಸಿ ಎಂದು ಸ್ಟ್ರೂಬ್ ಹತ್ತಿರ ಹಟ ಹಿಡಿದವಳು ನಾನೇ, ಅದನ್ನೂ ಲೆಕ್ಕಕ್ಕೆ ತಗೋ. ಯಾರ ಮಾತಾದರೇನು ಮಿಲ್ಲಿ, ವಕೀಲರ ಆಫೀಸಿನಲ್ಲಿ ಕೂತಾಗ ಯಾರ್‍ಯಾರದೋ ಮಾತು ಬಾಯಿಗೆ ಬರುತ್ತದೆ. ಅವರಿಗೆ ಏನೋ ಒಂದು ಕಾರಣ ಬೇಕಿತ್ತು. ಆ ಕಾಗದವನ್ನು ಬೀರುವಿಗೆ ಹಾಕಿ ಬೀಗ ಹಾಕುತ್ತಾರೆ, ಯಾರೂ ಓದುವುದಿಲ್ಲ.

ನನ್ನ ಕೆಲಸದ ಕರಾರು ಐದು ವರ್ಷಕ್ಕೆ ಮುಂದುವರಿದಿದೆ. ಹೇಳಬಾರದು ಅಂದುಕೊಂಡಿದ್ದೆ, ಬೇರೆಯವರಿಂದ ತಿಳಿಯುವುದು ಬೇಡ ಎಂದು ಹೇಳುತ್ತಿದ್ದೇನೆ.

ಮೇ.


ಕಾಟನ್‌ವುಡ್ ಫೋರ್ಕ್
21 ಫೆಬ್ರವರಿ 1998

ಮೇವಿಸ್,

ವಕೀಲರ ಕಾಗದವನ್ನು ಲ್ಯಾಡಿಗೆ ಓದಿ ಹೇಳಿದೆ. ಸೂಪಿನ ಚಮಚ ಕೆಳಗಿಟ್ಟು, "ನನ್ನ ಎದೆ ರಿಪೇರಿಗೆ ನೀನು ನಿನ್ನ ಮೇಲೆ ಸುಳ್ಳು ಹೇಳ್ಕೊಬೇಡ್ವೇ. ನಾನು ಹೋದ್ರೆ ಹೋಗ್ತೀನಿ, ಜನ ಏನು ಶಾಶ್ವತವಾಗಿ ಇರ್ತಾರಾ," ಅಂದ. ಆಯಿತು, ಹಾಕುವುದಿಲ್ಲ ಅಂದೆ. ನಿನ್ನೆ ಪೇಟೆಗೆ ಹಿಟ್ಟು ತರಲು ಹೋಗುತ್ತೇನೆಂದು ಅವನಿಗೆ ಹೇಳಿ ವಕೀಲರ ಆಫೀಸಿಗೆ ಹೋದೆ. ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ನಾನು ಹೇಳಿದ ದೊಡ್ಡ ಸುಳ್ಳು ಇದು. ಇದನ್ನೂ ನಿನ್ನ ಹೆಸರಿಗೇ ಬರೆದುಕೋ.

ಅಲ್ಲಿದ್ದದ್ದು ಒಬ್ಬಳು ಎಳೆಯ ವಕೀಲೆ. ಒಳ್ಳೆಯವಳು. ನನ್ನ ಕೋಟು ತೆಗೆದು ನೇತುಹಾಕಿದಳು, ನೀರು ಕೊಟ್ಟಳು. ನಾನು ಸಹಿ ಹಾಕಬೇಕಾದ ಕಾಗದಕ್ಕೆ ನಿನ್ನ ಹೇಳಿಕೆಯನ್ನೂ ಪಿನ್ನು ಮಾಡಿದ್ದಳು. ಅದರಲ್ಲಿರುವುದೆಲ್ಲ ನಿಜ ಎಂದು ನಾನು ಒಪ್ಪಬೇಕು. ನೀನು ಉತ್ತರ ಕೊಡದ ಪ್ರಶ್ನೆಯನ್ನು ಅವಳಿಗೆ ಕೇಳಿದೆ.

"ಈ ಹೊಟ್ಟೆಕಿಚ್ಚಿನ ಮಾತು ನೀವು ಬರೆಸಿದ್ದೇನಮ್ಮಾ?"

ಅವಳು ಕಾಗದವನ್ನು ತನ್ನ ಕಡೆ ತಿರುಗಿಸಿ ಓದಿದಳು. "ಇಲ್ಲ ಮೇಡಂ. ಉಳಿದದ್ದೆಲ್ಲ ನಾವೇ ಟೈಪ್ ಮಾಡಿ ಕೊಟ್ಟಿದ್ದು. ಬೇಕಂತ ಮಾಡಿದ್ರು ಅನ್ನೋ ಮಾತೊಂದಿದ್ರೆ ನಮಗೆ ಸಾಕಾಗಿತ್ತು, ಕಾರಣ ನಾವು ಕೇಳ್ಲೇ ಇಲ್ಲ. ಸಹಿ ಮಾಡೋ ಮುಂಚೆ ಕೋಚ್ ಇದನ್ನ ತಾವಾಗೇ ಹೇಳಿ ಸೇರ್ಸಿದ್ರು."

ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಪೆನ್ನು ತಗೊಂಡಳು. "ನಿಮಗೆ ಬೇಡ ಅಂದ್ರೆ ಹೊಡೆದುಹಾಕ್ತೀನಿ ಮೇಡಂ. ಕೋಚ್‌ಗೆ ಒಂದು ಫೋನ್ ಮಾಡಿ ಒಪ್ಪಿಸಿದ್ರೆ ಆಯ್ತು. ನಮಗೇನೂ ವ್ಯತ್ಯಾಸ ಆಗಲ್ಲ."

ಬೇಡ, ಇರಲಿ ಅಂದೆ. ಆ ಕಾಗದದಲ್ಲಿ ನಿನ್ನದು ಎಂದು ಇದ್ದದ್ದು ಅದೊಂದೇ ಮಾತು. ಅದರ ಕೆಳಗೆ ಸಹಿ ಹಾಕಿ, ಹಿಟ್ಟು ತಗೊಂಡು ಮನೆಗೆ ಬಂದೆ.

ಲುಡ್ಮಿಲಾ ಕುಚೆರಾ